ಮಕ್ಕಳನ್ನು ಎಣಿಸದ ಮನೆ

ನಮ್ಮ ಮನೆಯಲ್ಲಿ ಮಕ್ಕಳನ್ನು ಎಣಿಸುವಂತಿಲ್ಲ. ಎಣಿಸಿದರೆ ದೃಷ್ಟಿ ತಾಗಿ ಒಂದು ಕಡಿಮೆಯಾಗುತ್ತದೆ ಎಂಬುದು ನನ್ನ ಅತ್ತೆಯ, ಅಂದರೆ ಗಂಡನ ತಾಯಿಯ, ಗಟ್ಟಿ ನಂಬಿಕೆ. ನಾನು ಮದುವೆಯಾಗಿ ಕೊಪ್ಪಳದ ಈ ಮನೆಗೆ ಬಂದ ಹೊಸದರಲ್ಲಿ ಯಾರೋ ನೆಂಟರು, "ಎಷ್ಟು ಮಂದಿ ಮೊಮ್ಮಕ್ಕಳ್ರೀ ನಿಮಗ?" ಎಂದು ಕೇಳಿದ್ದಕ್ಕೆ, "ದೇವರು ಕೊಟ್ಟಷ್ಟು" ಎಂದು ಅತ್ತೆ ಎದ್ದೇ ಹೋಗಿದ್ದರು. ಊಟಕ್ಕೆ ಕೂರಿಸುವಾಗಲೂ ತಲೆ ಎಣಿಸುವುದಿಲ್ಲ. ಒಂದೊಂದು ಮಗುವಿಗೆ ಒಂದೊಂದು ತಾಟು ಗೊತ್ತು ಮಾಡಿದ್ದಾರೆ. ಅಂಚು ಸೊಟ್ಟಗಾದದ್ದು ಒಬ್ಬನದು, ಹೆಸರು ಕೊರೆದದ್ದು ಇನ್ನೊಬ್ಬಳದು. ತಾಟುಗಳನ್ನು ಸಾಲಾಗಿ ಇಟ್ಟು, ಯಾವುದರ ಮುಂದೆ ಯಾರೂ ಕೂತಿಲ್ಲ ಎಂದು ನೋಡಿದರೆ ಆಯಿತು. ನಾನು ಸರಕಾರಿ ಶಾಲೆಯ ಶಿಕ್ಷಕಿ. ಹಗಲೆಲ್ಲ ಹಾಜರಿ ಪುಸ್ತಕ ಹಿಡಿದು ಊರ ಮಕ್ಕಳನ್ನು ಎಣಿಸಿ, ಸಂಜೆ ಮನೆಗೆ ಬಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಈಗ ಬರೆದೇಬಿಡುತ್ತೇನೆ. ಆಗ ಮನೆಯಲ್ಲಿದ್ದದ್ದು ಆರು ಮಕ್ಕಳು. ನೆಗೆಣ್ಣಿಯವು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯವು, ಮೂರು. ನನ್ನವು ಎರಡು. ನಾದಿನಿಯದು ಒಂದು. ಅತ್ತೆ ಕನ್ನಡಕ ಹಾಕಿಕೊಂಡು ಇದನ್ನು ಓದಿದರೆ ನನಗೆ ಪೂಜೆ ತಪ್ಪಿದ್ದಲ್ಲ.

ನಾದಿನಿ ನನ್ನ ಗಂಡನ ತಂಗಿ. ಅವಳನ್ನು ಹನುಮಸಾಗರಕ್ಕೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದು ಅದೇ ಮನೆಯಲ್ಲಿ ಇಟ್ಟುಕೊಂಡ ಮೇಲೆ ಒಂದು ಟ್ರಂಕು, ಒಬ್ಬ ಮಗಳ ಜೊತೆ ವಾಪಸು ಬಂದಳು. ಬಂದ ವಾರ ಎಲ್ಲರೂ ಅತ್ತರು. ಅದರ ಮುಂದಿನ ವಾರ ನೆಗೆಣ್ಣಿ ರೊಟ್ಟಿ ಬಡಿಯುವುದನ್ನು ಬಿಟ್ಟಳು, ನಾನು ಬಟ್ಟೆ ಒಗೆಯುವುದನ್ನು ಬಿಟ್ಟೆ. ಎರಡೂ ಕೆಲಸ ತಾವಾಗಿಯೇ ನಾದಿನಿಯ ಕೈಗೆ ಹೋದವು. ಅವಳು ಒಂದು ಮಾತೂ ಆಡಲಿಲ್ಲ. ಭಾವ, ಅಂದರೆ ನೆಗೆಣ್ಣಿಯ ಗಂಡ, ಮಾತ್ರ ಆಗಾಗ, "ಈ ವರ್ಷದ ಸಾಲಿ ಮುಗೀಲಿ, ಆಮ್ಯಾಲ ನೋಡೋಣು" ಎನ್ನುತ್ತಿದ್ದರು. ಏನು ನೋಡುವುದು ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಬೇಸರವಾದರೂ ತಾಯಿ ಮಗಳು ಹೊರಗೆ ಎಂಬುದು ಎಲ್ಲರಿಗೂ ತಿಳಿದಿತ್ತು. ಎಂಟು ವರ್ಷದ ಆ ಹುಡುಗಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಕೇಳುವ ಮೊದಲೇ ನೀರು ತಂದಿಡುವಳು, ಚಪ್ಪಲಿ ಜೋಡಿಸುವಳು. "ನನಗ ಬೇಕು" ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿಲ್ಲ.

ನನಗೆ ಆ ಹುಡುಗಿ ಸೇರುತ್ತಿರಲಿಲ್ಲ. ಕಾರಣ ಏನು ಎಂದು ಬಹಳ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಕಾರಣ ಇಷ್ಟೇ: ಅವಳು ನನ್ನ ಮಗಳಿಗಿಂತ ಛಲೋ ಓದುತ್ತಿದ್ದಳು.

ಶನಿವಾರ ಭಾನುವಾರ ಸಾಣಾಪುರದ ಕಡೆ ಕ್ಯಾಂಪಿಂಗ್ ಹೋಗುವುದೆಂದು ತೀರ್ಮಾನ ಮಾಡಿದವಳು ನೆಗೆಣ್ಣಿ. ಅವಳ ತವರಿನವರು ಹೋಗಿ ಬಂದು ಫೋಟೋ ಹಾಕಿದ್ದರು. ಬಂಡೆಗಳ ನಡುವೆ ಬಣ್ಣಬಣ್ಣದ ಟೆಂಟ್, ಮುಂದೆ ಕೆರೆ, ಕೆರೆಯಲ್ಲಿ ತೆಪ್ಪ. ಅಷ್ಟು ನೋಡಿದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಅತ್ತೆಗೆ ಹೇಳಿದಾಗ ಅವರು ತಿಳಿದುಕೊಂಡದ್ದೇ ಬೇರೆ. ನಮ್ಮ ಗಂಗಾವತಿ ಕಡೆ ಕ್ಯಾಂಪ್ ಎಂದರೆ ಕಾಲುವೆ ಬಂದ ಮೇಲೆ ಆಂಧ್ರದವರು ಬಂದು ನೆಲೆಸಿದ ಊರುಗಳು. "ನಾವ್ಯಾಕ ಕ್ಯಾಂಪಿಗೆ ಹೋಗಬೇಕು? ಭತ್ತ ಹಚ್ಚಾಕೇನು?" ಎಂದರು. ಟೆಂಟಿನಲ್ಲಿ ಮಲಗುವುದು ಎಂದು ವಿವರಿಸಿದ ಮೇಲೆ ಇನ್ನೂ ಕೆಟ್ಟದಾಯಿತು. "ಸ್ವಂತ ಮನಿ ಕಟ್ಟಿಸಿ, ಗುಡಿಸಲಾಗ ಮಲಗಾಕ ಹೋಗ್ತೀರಿ. ನಿಮ್ಮ ಮಾವ ಇದ್ದಿದ್ರ ನಗ್ತಿದ್ರು." ಆದರೂ ಹೊಸ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಗಾಡಿಯ ಹತ್ತಿರ ನಿಂತವರು ಅವರೇ.

ಎರಡು ಗಾಡಿ. ನಮ್ಮ ಕಾರಿನಲ್ಲಿ ಗಂಡಸರು, ಸಾಮಾನು, ಮತ್ತು ನಾದಿನಿ. ಅತ್ತೆ ಹೊರಗಿನ ಅಡುಗೆ ಉಣ್ಣುವುದಿಲ್ಲವಾದ್ದರಿಂದ ಒಲೆ, ಹಂಚು, ಹಿಟ್ಟು, ಮಕ್ಕಳ ತಾಟುಗಳ ಸಮೇತ ಅವಳು ನೇರ ಕ್ಯಾಂಪಿಗೆ ಹೋಗಿ ರೊಟ್ಟಿ ಬಡಿಯಬೇಕು. ಬಾಡಿಗೆ ಕ್ರೂಸರ್‌ನಲ್ಲಿ ಅತ್ತೆ, ನೆಗೆಣ್ಣಿ, ನಾನು, ಮಕ್ಕಳು. ನಾವು ಹೇಮಗುಡ್ಡದ ದುರ್ಗಮ್ಮನ ದರ್ಶನ ಮಾಡಿ, ಗಂಗಾವತಿ ಆಚೆ ಒಂದು ಮಕ್ಕಳ ಪಾರ್ಕಿಗೆ ಹೋಗಿ, ಊಟದ ಹೊತ್ತಿಗೆ ಕ್ಯಾಂಪು ಸೇರುವುದು. ಹೊರಡುವಾಗ ನಾದಿನಿ ಮಗಳ ಕೈಯನ್ನು ತಂದು ನನ್ನ ಕೈಯಲ್ಲಿಟ್ಟಳು. "ವೈನಿ, ಇಕಿ ನಿಮ್ಮ ಮಡಿಲಿಗ್ರಿ" ಎಂದಳು. ನಾನು "ಹೂಂ" ಎಂದೆ. ಅಷ್ಟು ಹೊತ್ತಿಗೆ ನನ್ನ ಐದು ವರ್ಷದ ಮಗ ಕಿಟಕಿ ಸೀಟಿಗೆ ಕಿರುಚುತ್ತಿದ್ದ.

ಹೇಮಗುಡ್ಡದಲ್ಲಿ ಏನೂ ಆಗಲಿಲ್ಲ. ಅತ್ತೆ ಎಲ್ಲ ಮಕ್ಕಳ ಹಣೆಗೂ ಕುಂಕುಮ ಹಚ್ಚಿ, "ನನ್ನ ಮಕ್ಕಳ್ನ ಕಾಯವ್ವ ತಾಯಿ" ಎಂದು ಗಲ್ಲ ಬಡಿದುಕೊಂಡರು.

ಪಾರ್ಕು ಎಂದರೆ ಬಾಲ ಮುರಿದ ಒಂದು ಸಿಮೆಂಟ್ ಡೈನೋಸಾರ್, ನಾಲ್ಕು ಜಾರುಬಂಡೆ, ಒಂದೇ ಸುತ್ತು ಸುತ್ತುವ ಪುಟ್ಟ ರೈಲು. ಅದಕ್ಕೇ ಮಕ್ಕಳು ಹುಚ್ಚಾದರು. ಅತ್ತೆ ಬೇವಿನ ಮರದ ಕೆಳಗೆ ಎಲೆಅಡಿಕೆ ಚೀಲ ಬಿಚ್ಚಿದರು. ನೆಗೆಣ್ಣಿ ಡೈನೋಸಾರ್ ಬಾಯಿಯಲ್ಲಿ ಕೈ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ನನ್ನ ಮಗ ಮೂರನೇ ಸಲ ರೈಲು ಹತ್ತಿದ್ದ. ಅವನು ಇಳಿಯುವುದಿಲ್ಲ ಎಂದು ಹಠ, ನಾನು ಇಳಿ ಎಂದು ಹಠ. ಆಗ ಆ ಹುಡುಗಿ ನನ್ನ ಸೆರಗು ಮುಟ್ಟಿದಳು.

"ಮಾಮಿ, ಒಂದಕ್ಕ ಹೋಗಬೇಕಾಗೇತಿ."

"ಅಲ್ಲೇ ಹಿಂದ ಐತಿ ನೋಡು. ಹೋಗಿ ಬಾ."

"ನೀವು?"

"ನಾ ಇಲ್ಲೇ ನಿಂತಿರ್ತೀನಿ. ನೀ ಬರೋತನ ಎಲ್ಲೂ ಹೋಗೂದಿಲ್ಲ. ಬಂದು ಇಲ್ಲೇ ನಿಂದ್ರು."

ಅವಳು ಹೋದಳು. ಅದೇ ಗಳಿಗೆಗೆ ನನ್ನ ಮಗ ಓಡುವ ರೈಲಿನಿಂದ ಜಿಗಿದು ಮೂತಿ ಒಡೆದುಕೊಂಡ. ರಕ್ತ ಅಷ್ಟೇನೂ ಇರಲಿಲ್ಲ, ಕೂಗು ಬಹಳ ಇತ್ತು. ಅತ್ತೆ ಓಡಿಬಂದು ನನಗೆ ಬೈದರು, "ಒಂದು ಕೂಸಿನ್ನ ಹಿಡಿಯಾಕ ಆಗವಲ್ದೇನು ನಿನಗ, ಸಾಲಿಯಾಗ ಹೆಂಗ ಹಿಡೀತಿ?" ನೆಗೆಣ್ಣಿಯ ಮುಂದೆ ಬೈದರು. ನನ್ನ ಮೈ ಉರಿಯಿತು. ಮಗನನ್ನು ಎತ್ತಿಕೊಂಡು ದಡದಡ ಗಾಡಿಗೆ ನಡೆದೆ. ಎಲ್ಲರೂ ನನ್ನ ಹಿಂದೆ ಬಂದರು. ಮಕ್ಕಳು ಹಿಂದಿನ ಸೀಟಿಗೆ ತುಂಬಿಕೊಂಡು ಗದ್ದಲ ಎಬ್ಬಿಸಿದರು.

ಡ್ರೈವರ್ ಒಳ್ಳೆಯವನು. "ಎಲ್ಲಾರೂ ಬಂದ್ರೇನ್ರಿ ಅಕ್ಕಾರ? ಒಮ್ಮೆ ಹುಡುಗರನ್ನ ಎಣಿಸಿಬಿಡ್ರಿ" ಎಂದ.

"ಮಕ್ಕಳ್ನ ಎಣಿಸ್ತಾರೇನೋ? ಕುರಿ ಹಿಂಡೇನು ಅವು? ಹೊಡಿ ಗಾಡಿ!" ಎಂದರು ಅತ್ತೆ.

ನೆಗೆಣ್ಣಿ ನಕ್ಕಳು. ನಾನೂ ನಕ್ಕೆ.

ಇನ್ನು ಬರೆಯುವುದು ನನ್ನ ಗಂಡನಿಗೂ ಗೊತ್ತಿಲ್ಲ. ಪಾರ್ಕು ಬಿಟ್ಟು, ಭತ್ತದ ಗದ್ದೆಗಳ ನಡುವೆ ಗಾಡಿ ಹೋಗುತ್ತಿದ್ದಾಗ ಮುಂದೆ ಹುಲ್ಲಿನ ಟ್ರ್ಯಾಕ್ಟರ್ ಅಡ್ಡ ನಿಂತು ನಮ್ಮ ಗಾಡಿಯೂ ನಿಂತಿತು. ಮಗ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಆಗ ಆ ಹುಡುಗಿ ನೆನಪಾದಳು. ಹಿಂದಕ್ಕೆ ತಿರುಗಿದ್ದರೆ ಸಾಕಿತ್ತು, ಇದ್ದಾಳೋ ಇಲ್ಲವೋ ಕಾಣುತ್ತಿತ್ತು. ನಾನು ತಿರುಗಲಿಲ್ಲ. ತಿರುಗಿ ಅವಳು ಇಲ್ಲ ಎಂದು ಕಂಡರೆ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಒಂದೇ ಹಗಲಿನಲ್ಲಿ ಅತ್ತೆಯ ಬಾಯಿಂದ ಎರಡನೇ ಸಲ ಬೈಸಿಕೊಳ್ಳಬೇಕು. ಇದ್ದೇ ಇರುತ್ತಾಳೆ, ಇಲ್ಲದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡೆ. ಟ್ರ್ಯಾಕ್ಟರ್ ಪಕ್ಕಕ್ಕೆ ಸರಿಯಿತು. ಗಾಡಿ ಹೊರಟಿತು. ಕ್ಯಾಂಪು ಬರುವವರೆಗೂ ನಾನು ಮುಂದಿನ ಗಾಜನ್ನೇ ನೋಡುತ್ತಾ ಕುಳಿತಿದ್ದೆ.

ಕ್ಯಾಂಪಿನಲ್ಲಿ ನಾದಿನಿ ಬಂಡೆಯ ನೆರಳಿನಲ್ಲಿ ಒಲೆ ಹೂಡಿ ಬುಟ್ಟಿ ತುಂಬ ರೊಟ್ಟಿ ಮಾಡಿಟ್ಟಿದ್ದಳು. ಎಣ್ಣೆಗಾಯಿ ಘಮಘಮ ಎನ್ನುತ್ತಿತ್ತು. ಮಕ್ಕಳು ಗಾಡಿಯಿಂದ ಹಾರಿದವರೇ ಟೆಂಟಿನ ಒಳಗೂ ಹೊರಗೂ ಓಡಾಡಿದರು. ಅವಳು ತಾಟುಗಳನ್ನು ಸಾಲಾಗಿ ಹಾಕಿ, "ಬರ್ರಿ, ಉಣ್ಣಾಕ ಬರ್ರಿ" ಎಂದು ಕೂಗಿದಳು. ಒಬ್ಬೊಬ್ಬರೇ ಬಂದು ತಮ್ಮ ತಾಟಿನ ಮುಂದೆ ಕೂತರು. ಅವಳು ರೊಟ್ಟಿ ಹಾಕುತ್ತಾ ಬಂದಳು. ಕೊನೆಯ ತಾಟಿಗೂ ರೊಟ್ಟಿ ಹಾಕಿ, ಪಲ್ಯ ಹಾಕಿ, ತಲೆ ಎತ್ತಿದಳು. ಅದು ಅವಳ ಮಗಳ ತಾಟು.

"ವೈನಿ, ಇಕಿ ಎಲ್ಲಿ?"

ನೆಗೆಣ್ಣಿಯ ನಡುವಿನ ಮಗ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, "ಅಕಿ ಗಾಡ್ಯಾಗ ಬಂದೇ ಇಲ್ಲ" ಎಂದ. ಅವನಿಗೆ ದಾರಿಯುದ್ದಕ್ಕೂ ಗೊತ್ತಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ಅವನು ಹೇಳಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಕೈಯಾಗ ಕೊಟ್ಟಿದ್ಲಲ್ಲ?"

ಗಂಡ, ಭಾವ, ನೆಗೆಣ್ಣಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಯೋಚಿಸಲೇ ಇಲ್ಲ. ಸುಳ್ಳು ಬಾಯಿಯಲ್ಲಿ ತಯಾರಾಗಿ ಕೂತಿತ್ತು.

"ನನ್ನ ಕೈ ಕೊಸರಿಕೊಂಡು ಓಡಿ ಹೋದ್ಲರಿ ಅತ್ತಿ. ಬ್ಯಾಡ ಅಂದ್ರೂ ಕೇಳಲಿಲ್ಲ. ಕೂಗಿದೆ, ಹುಡುಕಿದೆ. ಗಾಡಿ ಹತ್ಯಾಳ ಅಂದ್ಕೊಂಡೆ."

ಕಾರಿನಲ್ಲಿ ನಾನು, ಗಂಡ, ನಾದಿನಿ ಹೊರಟೆವು. ನಾದಿನಿ ಹಿಂದೆ ಕೂತಿದ್ದಳು, ಅಂಗೈಗೆ ಹಿಟ್ಟು ಹಾಗೇ ಅಂಟಿತ್ತು. ಅಳಲಿಲ್ಲ. ಆನೆಗುಂದಿ ದಾಟುವಾಗ ಒಂದೇ ಒಂದು ಸಲ, "ವೈನಿ, ಅಕಿ ಹಂಗ ಓಡಿ ಹೋಗಾಕಿ ಅಲ್ಲರಿ" ಎಂದಳು. ನಾನು, "ಹುಡುಗರ್ನ ಹೆಂಗ ನಂಬಾಕಾಗ್ತದ" ಎಂದೆ. ಗಂಡ ನಾದಿನಿಗೇ ಗದರಿದ: "ಮೊದಲು ಸಿಗಲಿ, ಆಮ್ಯಾಲ ಮಾತಾಡು."

ಹುಡುಗಿ ಸಿಕ್ಕಳು. ಹುಡುಕುವ ಕೆಲಸವೇ ಇರಲಿಲ್ಲ. ರೈಲಿನ ಕಟಕಟೆಯ ಪಕ್ಕ, ನಾನು ನಿಂತಿರುತ್ತೇನೆ ಎಂದ ಜಾಗದಲ್ಲೇ, ಬಿಸಿಲಲ್ಲಿ ನಿಂತಿದ್ದಳು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಟಿಕೆಟ್ ಕೊಡುವ ಹೆಂಗಸು ನಮ್ಮನ್ನು ನೋಡಿ ಅಲ್ಲಿಂದಲೇ ಕೂಗಾಡುತ್ತಾ ಬಂದಳು. "ಎಂಥಾ ಮಂದಿರಿ ನೀವು! ನೆಳ್ಳಿಗೆ ಬಾ ಅಂದ್ರ ಬರವಲ್ಲಳು. ನೀರ್ ಕುಡಿ ಅಂದ್ರ ಒಲ್ಲೆ ಅಂತಾಳ. ನಮ್ಮ ಮಾಮಿ ಇಲ್ಲೇ ನಿಂದ್ರು ಅಂದಾರ, ನಾ ಸರದ್ರ ಅವರಿಗೆ ಸಿಗೂದಿಲ್ಲ ಅಂತಾಳ!"

ಗಂಡ ಕಾರು ತಿರುಗಿಸಲು ಹೊರಗೇ ಉಳಿದಿದ್ದ. ಕೇಳಿಸಿಕೊಂಡವರು ಇಬ್ಬರೇ, ನಾನು ಮತ್ತು ನಾದಿನಿ.

ನಾದಿನಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನು ಬಹುಶಃ ಅಲ್ಲೇ ಕುಸಿದು ಕೂತು ತಪ್ಪಾಯಿತು ಎನ್ನುತ್ತಿದ್ದೆ. ಅವಳು ಸೆರಗಿನಿಂದ ಮಗಳ ಮುಖ ಒರೆಸಿದಳು, ಎತ್ತಿಕೊಂಡಳು. ಎಂಟು ವರ್ಷದ ಹುಡುಗಿಯನ್ನು ಕೂಸಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು ಕಾರಿಗೆ ನಡೆದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ಬಾಯಿ ಮಗಳ ಕಿವಿಯ ಹತ್ತಿರವೇ ಇತ್ತು. ಏನು ಹೇಳುತ್ತಿದ್ದಾಳೆ ಎಂದು ನನಗೆ ಕೇಳಿಸಲಿಲ್ಲ. ಕ್ಯಾಂಪು ಮುಟ್ಟಿದ ಮೇಲೆ ತಿಳಿಯಿತು.

ಅತ್ತೆ ಬಂಡೆಯ ಮೇಲೆ ನ್ಯಾಯ ಹೇಳುವವರಂತೆ ಕೂತಿದ್ದರು. ಭಾವ ಕೈ ಕಟ್ಟಿಕೊಂಡು ನಿಂತಿದ್ದರು. "ಯಾಕ ಓಡಿ ಹೋಗಿದ್ದಿ?" ಎಂದು ಅತ್ತೆ ಕೇಳಿದರು.

ಹುಡುಗಿ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ತಪ್ಪಾತಜ್ಜಿ. ಮಾಮಿ ಬ್ಯಾಡ ಅಂದ್ರು. ನಾನಾ ಓಡಿ ಹೋಗಿದ್ದೆ" ಎಂದಳು.

ನಾದಿನಿ ಅವಳ ಬೆನ್ನಿಗೆ ಹೊಡೆದಳು. ಒಂದಲ್ಲ, ಎರಡಲ್ಲ. ಅತ್ತೆಗೆ ಕೇಳಿಸುವ ಹಾಗೆ, ಭಾವನಿಗೆ ಕಾಣುವ ಹಾಗೆ, ಹಿಟ್ಟು ಒಣಗಿದ ಕೈಯಿಂದ ಹೊಡೆದಳು. "ಮತ್ತ ಮಾಡ್ತಿ? ಮತ್ತ ಮಾಡ್ತಿ?" ಎನ್ನುತ್ತಿದ್ದಳು. ಹುಡುಗಿ, "ಇಲ್ಲವ್ವಾ, ಇಲ್ಲವ್ವಾ" ಎನ್ನುತ್ತಿದ್ದಳು. ಕೊನೆಗೆ ಅತ್ತೆಯೇ ಎದ್ದು, "ಸಾಕು ಬಿಡ, ಸಾಯಿಸ್ತೀಯೇನು?" ಎಂದು ಬಿಡಿಸಿದರು. ನಾನು ಐದು ಹೆಜ್ಜೆ ದೂರದಲ್ಲಿ ತಾಟು ಹಿಡಿದು ನಿಂತಿದ್ದೆ. ನನಗೆ ಆದದ್ದು ದುಃಖ ಎಂದು ಬರೆಯಬೇಕು. ಆದರೆ ಮೊದಲು ಆದದ್ದು ಸಮಾಧಾನ. ಉಳಿದೆ ಅಂದುಕೊಂಡೆ. ಹಸಿವೂ ಆಗಿತ್ತು, ಉಂಡೆ.

ಭಾನುವಾರ ಬೆಳಿಗ್ಗೆ ಅಂಜನಾದ್ರಿ ಮೆಟ್ಟಿಲು, ಆಮೇಲೆ ತೆಪ್ಪ. ಭಾವ ತೀರ್ಪು ಕೊಟ್ಟರು: "ಅಕಿನ್ನ ಕರಕೊಂಡು ಹೋಗೂದು ಬ್ಯಾಡ. ಸಾಮಾನು ಕಾಯ್ಲಿ." ಅವಳು ತಾಯಿಯ ಜೊತೆ ಟೆಂಟಿನಲ್ಲೇ ಉಳಿದಳು. ಒಂದು ಮಾತು ಹೇಳಲು ನನಗೆ ಬೆಟ್ಟದ ಎಲ್ಲ ಮೆಟ್ಟಿಲುಗಳಷ್ಟು ಸಮಯವಿತ್ತು. ನಾನು ಮೊಣಕಾಲು ನೋವಿನ ಬಗ್ಗೆ ಮಾತಾಡಿದೆ. ಕೆರೆಯಲ್ಲಿ ತೆಪ್ಪದವನು ಗಿರಗಿರ ತಿರುಗಿಸಿದಾಗ ನನ್ನ ಮಕ್ಕಳು ಕಿರುಚಿ ನಕ್ಕರು. ಒದ್ದೆಯಾಗಿ ವಾಪಸು ಬಂದಾಗ ಅವಳು ಟವೆಲ್ ಹಿಡಿದು ನಿಂತಿದ್ದಳು. ನನ್ನ ಮಗನ ತಲೆ ಒರೆಸುತ್ತಾ, "ತೆಪ್ಪ ಭಾಳ ತಿರುಗ್ತೇನೋ? ಹೆದರಿಕಿ ಆತೇನು?" ಎಂದು ಕೇಳಿದಳು. ಅವನು ಹೇಳುತ್ತಾ ಹೋದ. ಅವಳು ಒರೆಸುವುದನ್ನು ಬಿಟ್ಟು ಕೇಳುತ್ತಾ ನಿಂತಳು.

ಅಲ್ಲಿಗೆ ಮುಗಿಯಬೇಕಿತ್ತು. ಕೊಪ್ಪಳಕ್ಕೆ ಬಂದ ಮೇಲೆ ಅತ್ತೆಗೆ ಇದೊಂದು ಕಥೆಯಾಯಿತು. ಮನೆಗೆ ಯಾರೇ ಬರಲಿ, ಚಹಾ ಜೊತೆ ಈ ಕಥೆ. ಕಥೆಯ ಕೊನೆಗೆ ಹುಡುಗಿಯನ್ನು ಕರೆದು, "ಹೇಳು, ಯಾಕ ಓಡಿ ಹೋಗಿದ್ದಿ?" ಎನ್ನುವರು. ಮೊದಮೊದಲು ಅವಳು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದಳು. ಆಮೇಲೆ, ಏನಾದರೂ ಹೇಳಿದರೆ ಬೇಗ ಬಿಡುತ್ತಾರೆ ಎಂದು ತಿಳಿಯಿತೋ ಏನೋ, "ಡೈನೋಸಾರ್ ನೋಡಾಕ ಹೋಗಿದ್ದೆ" ಎಂದಳು. ಬಂದವರು ನಕ್ಕರು. ಮುಂದಿನ ಸಲ, "ಅದರ ಬಾಲ ಯಾರು ಮುರದ್ರು ಅಂತ ನೋಡಾಕ" ಎಂದಳು. ಇನ್ನೂ ನಕ್ಕರು. "ಮಾಮಿ ಕೂಗಿದ್ದು ಕೇಳಿಸ್ತು, ನಾ ಬಚ್ಚಿಟ್ಟುಕೊಂಡಿದ್ದೆ" ಎಂದೂ ಸೇರಿಸಿದಳು. ನನ್ನ ಒಂದು ಸಾಲಿನ ಸುಳ್ಳಿಗೆ ಅವಳು ಕೈಕಾಲು ಮೂಗು ಕಣ್ಣು ಎಲ್ಲ ಕೊಟ್ಟಳು. ಹೇಳಿ ಮುಗಿಸಿ ಪ್ರತಿ ಸಲ ನನ್ನ ಕಡೆ ನೋಡುತ್ತಿದ್ದಳು, ಸರಿಯಾಗಿ ಹೇಳಿದೆನಲ್ಲ ಎಂಬಂತೆ.

ಆ ನೋಟವನ್ನು ನಾನು ತಡೆಯಲಾರದೆ ಹೋದೆ. ಅವಳು ದ್ವೇಷದಿಂದ ನೋಡಿದ್ದರೆ ನಾನೂ ದ್ವೇಷಿಸಿ ಹಗುರಾಗುತ್ತಿದ್ದೆ. ಅವಳು ನನ್ನನ್ನು ಕಾಪಾಡುತ್ತಿದ್ದಳು, ಒಂದು ಚಾಪೆ ಹಾಸುವಷ್ಟು ಜಾಗಕ್ಕಾಗಿ. ನಾನು ಶಾಲೆಯಿಂದ ಬಂದ ಕೂಡಲೇ ನೀರಿನ ತಂಬಿಗೆ ಮುಂದೆ ಬರುತ್ತಿತ್ತು. ನಾನು ಉಣ್ಣುವವರೆಗೆ ಅವಳು ಉಣ್ಣುತ್ತಿರಲಿಲ್ಲ. ಸ್ವಂತ ಮನೆಯಲ್ಲಿ ನನಗೆ ಕೂರಲು ಜಾಗವಿಲ್ಲ ಎನ್ನಿಸತೊಡಗಿತು.

ಒಂದು ದಿನ ಗಂಡನಿಗೆ ಹೇಳಿದೆ. "ನಿಮ್ಮ ತಂಗಿ ಮಗಳು ಭಾಳ ಸುಳ್ಳು ಹೇಳಾಕ ಕಲತಾಳ್ರಿ. ಬಂದವರ ಮುಂದ ದಿನಕ್ಕೊಂದು ಕತಿ. ನಮ್ಮ ಮಕ್ಕಳೂ ಕಲೀತಾವ." ನಾನು ಶಿಕ್ಷಕಿ, ಮಕ್ಕಳ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ತೂಕ ಇತ್ತು. ಗಂಡ ಭಾವನಿಗೆ ಹೇಳಿದ. ಭಾವ ಅತ್ತೆಗೆ ಹೇಳಿದರು. ಅತ್ತೆ ಎರಡು ದಿನ ಮಂಕಾಗಿ ಕೂತಿದ್ದು ಕೊನೆಗೆ, "ಹೂಂ, ಬಾಯಿ ಜೋರಾಗೇತಿ ಹುಡುಗಿದು" ಎಂದರು. ಯಲಬುರ್ಗಾದಲ್ಲಿ ಒಂದು ಹಾಸ್ಟೆಲಿನಲ್ಲಿ ನಾದಿನಿಗೆ ಅಡುಗೆ ಕೆಲಸ ಇದೆ ಎಂದು ವಿಚಾರಿಸಿಕೊಂಡು ಬಂದವಳೂ ನಾನೇ. ಭಾವ ಹೇಳುತ್ತಿದ್ದಂತೆ ಸಾಲಿ ಮುಗಿಯುವವರೆಗೂ ನಾನು ಕಾಯಲಿಲ್ಲ. ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು.

ಅವರು ಹೊರಟ ದಿನ ಬೆಳಿಗ್ಗೆ ಟಂಟಂ ಆಟೋ ಬಾಗಿಲಿಗೆ ಬಂದಿತ್ತು. ಅದೇ ಟ್ರಂಕು, ಎರಡು ಚೀಲ. ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನನ್ನ ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ. ನಾದಿನಿ ಬಂದ ಎರಡು ವರ್ಷಗಳಲ್ಲಿ ಅಂದೇ ಮೊದಲು ನಾನೇ ಡಬ್ಬಿ ಕಟ್ಟಿಕೊಂಡದ್ದು. ನಾದಿನಿ ಒಳಗೆ ಬಂದಳು. ಮಗಳು ಬಾಗಿಲಲ್ಲಿ ನಿಂತಳು. ನಾದಿನಿ ನನ್ನ ಹತ್ತಿರ ಬಂದು, ಹೊರಗೆ ಕೇಳದ ಹಾಗೆ ದನಿ ಇಳಿಸಿದಳು.

"ವೈನಿ, ನಾವು ಯಾರ ಮುಂದೂ ಹೇಳ್ತಿದ್ದಿಲ್ಲರಿ. ಅಕಿಗೂ ಆಣಿ ಹಾಕಿದ್ದೆ. ಇಲ್ಲೇ ಒಂದು ಮೂಲ್ಯಾಗ ಇದ್ದುಬಿಡ್ತಿದ್ವಿ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಕಟ್ಟೆಯ ಮೇಲಿದ್ದ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ಏನು ಹೇಳ್ತಿದ್ದಿಲ್ಲ?" ಎಂದು ಕೇಳಿದೆ.

ಅವಳು ಥಟ್ಟನೆ ಬಾಗಿಲ ಕಡೆ ತಿರುಗಿದಳು. ಹೊರಗೆ ಅತ್ತೆ, "ಏನವ್ವ ಅದು?" ಎಂದರು.

"ಏನಿಲ್ಲವ್ವ" ಎಂದಳು ನಾದಿನಿ.

ಹುಡುಗಿ ಒಳಗೆ ಬಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಆಮೇಲೆ ತಾಯಿಯ ಸೆರಗು ಹಿಡಿದು ಎಳೆದಳು. "ಬಾ ಅವ್ವ, ಹೋಗೋಣು. ಮಾಮಿಗೆ ಸಾಲಿಗೆ ಹೊತ್ತಾಗ್ತೈತಿ."